ಮೀನುಮರಿಗಳ ದಂಡೆಗೆ ಮಣ್ಣು ಸುರಿದವರು ಉತ್ತರ ಕೊಡಲಿ

ಮಾನ್ಯ ಸಂಪಾದಕರೇ,

ತುಂಗಾ ಹೊಳೆಯ ಸೇತುವೆಯ ಕೆಳಗಿನ ದಂಡೆಯಲ್ಲಿ ಮೀನುಮರಿಗಳು ರಾಶಿಯಾಗಿ ಸತ್ತ ಸಂಗತಿಯನ್ನು ತಮ್ಮ ಪತ್ರಿಕೆ ಮೊನ್ನೆ ವರದಿ ಮಾಡಿದ್ದಕ್ಕೆ ಧನ್ಯವಾದಗಳು. ಆದರೆ ವರದಿಯ ಕೊನೆಯಲ್ಲಿ, ಹೊಳೆಯ ನೀರು ಇಳಿದಾಗ ಮರಿಗಳು ಸಾಯುವುದು ಸಹಜವೆಂದೂ ಇದರಲ್ಲಿ ಯಾರ ತಪ್ಪೂ ಇಲ್ಲವೆಂದೂ ಅಧಿಕಾರಿಯೊಬ್ಬರು ಹೇಳಿದ್ದಾಗಿ ಪ್ರಕಟವಾಗಿದೆ. ಆ ಮಾತು ಸುಳ್ಳು. ಮಘಾ ಮಳೆಯ ಹೊತ್ತಿಗೆ ತುಂಗೆಯ ನೀರು ಇಳಿಯುವುದು ಹೊಸದಲ್ಲ. ಆದರೆ ಮರಿಗಳು ಹೀಗೆ ಸತ್ತದ್ದನ್ನು ಇದೇ ದಂಡೆಯಲ್ಲಿ ಹುಟ್ಟಿ ಬೆಳೆದ ನಾನು ಹಿಂದೆಂದೂ ಕಂಡಿಲ್ಲ. ನೀರು ಮೆಲ್ಲಗೆ ಇಳಿಯುವಾಗ ಮರಿಗಳೂ ಅದರೊಂದಿಗೆ ಜಾರಿ, ಹಳ್ಳ ಹೊಳೆಗೆ ಕೂಡುವ ಬಾಯಿಯಿಂದ ಹೊರಗೆ ಹೋಗುತ್ತವೆ. ಈ ಸಲ ಆ ಬಾಯಿಯೇ ಇರಲಿಲ್ಲ. ಗಣಪತಿ ಬಿಡಲು ಬರುವ ವಾಹನಗಳಿಗೆ ಜಾಗ ಮಾಡುವ ಹೆಸರಿನಲ್ಲಿ, ಮಳೆ ಹೊಳವಾದ ಕೂಡಲೇ ಜೆಸಿಬಿ ತಂದು, ಎಲ್ಲಿಂದಲೋ ಲಾರಿಯಲ್ಲಿ ತಂದ ಕೆಮ್ಮಣ್ಣನ್ನು ಅಲ್ಲಿ ಸುರಿದು ಸಮತಟ್ಟು ಮಾಡಿದ್ದರು. ಮಣ್ಣಿನ ಹಿಂದೆ ಸಿಕ್ಕಿಬಿದ್ದ ನೀರು ಬಿಸಿಲಿಗೆ ಕಾದು, ಆಮ್ಲಜನಕ ಸಾಲದೆ ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದುದನ್ನು ಊರಿನವರೆಲ್ಲ ನೋಡಿದ್ದಾರೆ. ಅಧಿಕಾರಿಗಳು ನೋಡಲಿಲ್ಲ, ಏಕೆಂದರೆ ಅವರು ಬರಲೇ ಇಲ್ಲ.

ಅದು ಯಾರಿಗೂ ಬೇಡದ ಕೆಸರಿನ ಜಾಗವೆಂದು ಕೆಲಸ ಮಾಡಿಸಿದವರು ಎಲ್ಲರ ಮುಂದೆ ಹೇಳುತ್ತಿದ್ದಾರೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಇದಕ್ಕೆ ಉತ್ತರ ಕೊಡಲೇಬೇಕಾಗಿದೆ. ಮೊಟ್ಟೆಯೊಡೆದು ಬಂದ ಮೀನುಮರಿಗೆ ಮೊದಲ ಕೆಲವು ದಿನ ಹೊಟ್ಟೆಗೆ ಅಂಟಿಕೊಂಡ ಹಳದಿ ಚೀಲವೇ ಬುತ್ತಿ. ಅದು ಮುಗಿಯುವಷ್ಟರಲ್ಲಿ, ಅದರ ಪುಟ್ಟ ಬಾಯಿಗೆ ಹಿಡಿಸುವ ಸೂಕ್ಷ್ಮಜೀವಿಗಳು ಹತ್ತಿರದಲ್ಲೇ ಸಿಗಬೇಕು. ಸಿಗದಿದ್ದರೆ ಮರಿ ಹಸಿವಿನಿಂದ ಸಾಯುತ್ತದೆ. ನಡುಹೊಳೆಯ ಸೆಳವಿನಲ್ಲಿ ಅಂಥ ಆಹಾರ ನಿಲ್ಲುವುದಿಲ್ಲ, ಅಷ್ಟು ಎಳೆಯ ಮರಿಗೆ ಸೆಳವಿನೆದುರು ಈಜುವ ಬಲವೂ ಇರುವುದಿಲ್ಲ. ಆದ್ದರಿಂದ ಅದು ಬದುಕುವುದು ಹೊಳೆಯ ಅಂಚಿನಲ್ಲಿ, ಮೊಣಕಾಲುದ್ದಕ್ಕಿಂತ ಕಡಿಮೆ ನೀರಿರುವ, ಬಿಸಿಲಿಗೆ ಬೇಗ ಬೆಚ್ಚಗಾಗುವ, ಪಾಚಿ ಬೆಳೆಯುವ, ಹೊಳೆಮತ್ತಿ ಮರದ ಬೇರುಗಳೂ ವಾಟೆ ಬಿದಿರಿನ ಬುಡಗಳೂ ನೀರಿಗೆ ಇಳಿದಿರುವ ಜಾಗದಲ್ಲಿ. ಮರಿಗಳನ್ನು ನುಂಗುವ ದೊಡ್ಡ ಮೀನುಗಳಿಗೆ ಅಲ್ಲಿ ಸುಲಭವಾಗಿ ನುಗ್ಗಲು ಆಗುವುದಿಲ್ಲ. ತುಂಗೆಯ ಅಷ್ಟಗಲದ ಪಾತ್ರದಲ್ಲಿ ಮರಿಗಳಿಗೆ ಬದುಕಲು ಸಿಗುವುದು ಈ ನಾಲ್ಕು ಮಾರು ಅಂಚು ಮಾತ್ರ. ಅದನ್ನೇ ಕೆಸರೆಂದು ಕರೆದು ಹೂತುಹಾಕಿದ್ದಾರೆ.

ಮೇಲೆ ಸುರಿದ ಮಣ್ಣು ಸುರಿದಲ್ಲೇ ಉಳಿಯಲೂ ಇಲ್ಲ. ಮತ್ತೆ ಹಿಡಿದ ಮಳೆಗೆ ಅದು ಕರಗಿ ಕೆಳಗಿನ ನೊರಜುಗಲ್ಲಿನ ಹಾಸಿನ ಮೇಲೆ ಕುಳಿತಿದೆ. ಮಹಶೀರ್‌ನಂಥ ಮೀನುಗಳು ಮೊಟ್ಟೆ ಇಡುವುದು ಸ್ವಚ್ಛ ನೀರು ಆಡುವ ಕಲ್ಲುಹಾಸಿನಲ್ಲಿ. ಹುಟ್ಟಿದ ಮರಿಗಳು ಮೊದಲು ತಲೆ ಮರೆಸಿಕೊಳ್ಳುವುದೂ ಕಲ್ಲುಗಳ ಸಂದಿನಲ್ಲೇ. ಆ ಸಂದುಗಳಿಗೆ ಹೂಳು ತುಂಬಿದರೆ ಮೊಟ್ಟೆಗೆ ಉಸಿರು ಸಿಗುವುದಿಲ್ಲ, ಮರಿಯ ಕಿವಿರುಗಳಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಈ ಜಾಗಕ್ಕಿಂತ ಮೇಲೆ, ನಮ್ಮ ತಾಲ್ಲೂಕಿನಲ್ಲೇ, ಚಿಬ್ಬಲಗುಡ್ಡೆಯಲ್ಲಿ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿದ್ದೇವೆ. ಅಲ್ಲಿ ದೊಡ್ಡ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ಜನರೇ ಇಲ್ಲಿ ಮರಿಗಳ ಮೇಲೆ ಮಣ್ಣು ಸುರಿಯುವಾಗ ಸುಮ್ಮನೆ ನಿಂತು ನೋಡಿದ್ದು ನನಗೆ ತುಂಬ ನೋವು ತಂದಿದೆ. ನಾನೂ ಮನೆಯ ಗಣಪತಿಯನ್ನು ಇದೇ ಹೊಳೆಯಲ್ಲಿ ಬಿಟ್ಟು ಬಂದವನು. ಹಿಂದೆ ಮೂರ್ತಿಯನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿದು ಹೋಗುತ್ತಿದ್ದೆವು. ಹೊಳೆಯೊಳಗೆ ಲಾರಿ ಇಳಿಸಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಈ ಕೆಲಸದಿಂದ ನಾವು ಪಟ್ಟ ಪಾಡನ್ನೂ ಹೇಳಬೇಕು. ಮಣ್ಣಿನ ಲಾರಿಗಳು ಓಡಾಡಿ ನಮ್ಮ ರಸ್ತೆಯ ಅಂಚು ಪೂರ್ತಿ ಕಿತ್ತುಹೋಗಿದೆ. ಶಾಲೆಯ ವ್ಯಾನು ಈಗ ತಿರುವಿನಲ್ಲೇ ಮಕ್ಕಳನ್ನು ಇಳಿಸಿ ಹೋಗುತ್ತಿದೆ. ಊರಿಗೆ ಹೊಳೆಯ ನೀರೆತ್ತುವ ಜಾಕ್‌ವೆಲ್ಲಿಗೆ ಹೂಳು ನುಗ್ಗಿದ್ದರಿಂದ ನಲ್ಲಿಯಲ್ಲಿ ಮೊದಲು ಕೆಂಪು ನೀರು ಬಂತು, ಆಮೇಲೆ ಅದೂ ನಿಂತಿತು. ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲುಗಳು ಮಣ್ಣಿನಡಿ ಹೋಗಿವೆ. ಸತ್ತ ಮರಿಗಳ ನಾತಕ್ಕೆ ಹೊಳೆಯ ಕಡೆಯ ಕಿಟಕಿಗಳನ್ನು ಹಗಲೂ ರಾತ್ರಿ ಮುಚ್ಚಿಕೊಂಡೇ ಇರಬೇಕಾಯಿತು. ದೂರು ಹೇಳಲು ಹೋದರೆ ಒಂದು ಕಚೇರಿಯವರು ದಂಡೆ ತಮ್ಮದಲ್ಲವೆಂದರು, ಇನ್ನೊಂದು ಕಚೇರಿಯವರು ನೀರು ಮಾತ್ರ ತಮ್ಮದೆಂದರು, ಮತ್ತೊಬ್ಬರು ಹಬ್ಬ ಮುಗಿಯಲಿ ಎಂದರು. ಮರಿಗಳು ಹಬ್ಬ ಮುಗಿಯುವವರೆಗೆ ಬದುಕುವಂತಿರಲಿಲ್ಲ ಎಂದು ಅವರಿಗೆ ಎಷ್ಟು ಬಿಡಿಸಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಷ್ಟಾದ ಮೇಲೆ, ಅದೇ ಸೇತುವೆಯ ಬಳಿ ಶಾಮಿಯಾನ ಹಾಕಿ, ಗಣ್ಯರನ್ನು ಕರೆಸಿ ಹೊಳೆಗೆ ಬಿತ್ತನೆ ಮರಿಗಳನ್ನು ಬಿಡಿಸಿದ್ದಾರೆ. ಅದರ ಚಿತ್ರವೂ ತಮ್ಮ ಪತ್ರಿಕೆಯಲ್ಲಿ ಬಂದಿದೆ. ಹಾಗೆ ಬಿಟ್ಟ ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನ ಮೀನುಗಳು. ಕೆರೆಯಲ್ಲಿ ಸಾಕಲು ಅವು ಒಳ್ಳೆಯವೇ ಆಗಿರಬಹುದು, ಆದರೆ ತುಂಗೆಯಲ್ಲಿ ಸತ್ತದ್ದು ತುಂಗೆಯ ಮೀನುಗಳು. ಅವುಗಳ ಬದಲಿಗೆ ಬೇರೆ ಮೀನು ತಂದು ಸುರಿದರೆ ಲೆಕ್ಕ ಸರಿಹೋಗುವುದಿಲ್ಲ. ಕೊಡಗಿನ ಹಾರಂಗಿಯಲ್ಲಿ ಮಹಶೀರ್ ಮರಿಗಳನ್ನೇ ಬೆಳೆಸುವ ಕೇಂದ್ರವಿದೆ. ಅಂಥ ಮರಿಗಳನ್ನೇ ತಂದು ಬಿಟ್ಟರೂ ಅವುಗಳಿಗೂ ಬೇಕಾದದ್ದು ನೆರಳು, ಆಹಾರ ಮತ್ತು ನಿಧಾನವಾಗಿ ಹರಿಯುವ ನೀರಿನ ಅಂಚು. ಅದನ್ನು ಮುಚ್ಚಿಹಾಕಿ ಮರಿ ಬಿಡುವುದು ಸಾರ್ವಜನಿಕ ಹಣವನ್ನು ನೀರಿಗೆ ಸುರಿದಂತೆ.

ಮರಿಗಳ ಮೇಲಿನ ಈ ಅಲಕ್ಷ್ಯ ಇಂದಿನದಲ್ಲ. ಮೃಗಶಿರಾ, ಆರಿದ್ರಾ ಮಳೆಗೆ ಹೊಳೆಯ ಮೀನುಗಳು ಹಳ್ಳ ಹಿಡಿದು ಗದ್ದೆಗೆ ಹತ್ತುವುದು ಮೊಟ್ಟೆ ಇಡುವುದಕ್ಕೆ. ಹಿರಿಯರು ಆಗಲೂ ಕೂಣಿ ಎಂಬ ಬಿದಿರಿನ ಬುಟ್ಟಿ ಇಟ್ಟು ಹತ್ತುಮೀನು ಹಿಡಿಯುತ್ತಿದ್ದರು, ನಿಜ; ಆದರೆ ಕೂಣಿಯ ಪಕ್ಕದಲ್ಲಿ ನೀರು ಹರಿಯುತ್ತಿತ್ತು, ಬಹಳಷ್ಟು ಮೀನು ಮೇಲೆ ಹೋಗುತ್ತಿತ್ತು. ಈಗ ಹಳ್ಳಕ್ಕೆ ಅಡ್ಡಲಾಗಿ ಸೊಳ್ಳೆಪರದೆಯನ್ನೇ ಕಟ್ಟುತ್ತಾರೆ, ಕೆಂಬಣ್ಣದ ಮರಿಗಳ ಗುಂಪನ್ನು ಕಾಯುತ್ತಿರುವ ಕೊರವ ಮೀನನ್ನು ಗುರಿಯಿಟ್ಟು ಕೊಲ್ಲುತ್ತಾರೆ; ತಾಯಿತಂದೆ ಇಲ್ಲದ ಆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಬೇಸಗೆಯಲ್ಲಿ ಮಡುಗಳಿಗೆ ಸಿಡಿಮದ್ದಿನ ತೋಟೆ ಹಾಕುವವರೂ, ಅಡಿಕೆ ಮದ್ದಿಗೆಂದು ತಂದ ಮೈಲುತುತ್ತವನ್ನು ನೀರಿಗೆ ಕದಡುವವರೂ ಇದ್ದಾರೆ. ದೊಡ್ಡ ಮೀನನ್ನು ಬುಟ್ಟಿಗೆ ತುಂಬಿಕೊಂಡು ಹೋಗುವ ಇವರು ತೇಲುವ ಮರಿಗಳತ್ತ ತಿರುಗಿಯೂ ನೋಡುವುದಿಲ್ಲ. ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಹೇಳಿತ್ತು. ಒಳನಾಡು ಮೀನುಗಾರಿಕೆಯ ಸಂರಕ್ಷಣೆಗೆಂದು ನಮ್ಮ ರಾಜ್ಯವೇ 1996ರಲ್ಲಿ ಬೇರೆ ಅಧಿನಿಯಮ ಮಾಡಿದೆ. ಅದೇ 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಗೆ ವಿಷ ಹಾಕಿ ಸಾವಿರಗಟ್ಟಲೆ ದೇವರ ಮೀನುಗಳನ್ನು ಕೊಂದರು, ಅವುಗಳಿಗೆ ಅಲ್ಲಿ ಸ್ಮಾರಕವೂ ಆಯಿತು. ಇಷ್ಟು ವರ್ಷದಲ್ಲಿ ನಮ್ಮ ದಂಡೆಗೆ ಬಂದು ಒಂದು ಸೊಳ್ಳೆಪರದೆಯನ್ನಾದರೂ ಬಿಚ್ಚಿಸಿದ ಅಧಿಕಾರಿಯನ್ನು ನಾನು ಕಂಡಿಲ್ಲ. ಸಮುದ್ರದಲ್ಲಿ ಮೀನು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳನ್ನು ದಡದಲ್ಲಿ ನಿಲ್ಲಿಸುತ್ತಾರೆ. ಹೊಟ್ಟೆಪಾಡಿಗೆ ಕಡಲಿಗೆ ಇಳಿಯುವ ಬೆಸ್ತರಿಂದ ಆ ತ್ಯಾಗವನ್ನು ಕೇಳುವ ಸರ್ಕಾರಕ್ಕೆ, ಅದೇ ಮಳೆಗಾಲದಲ್ಲಿ ಹೊಳೆಯ ಅಂಚಿಗೆ ಜೆಸಿಬಿ ಇಳಿಸಬಾರದೆಂದು ತನ್ನ ಗುತ್ತಿಗೆದಾರನಿಗೆ ಹೇಳಲು ಏನು ಕಷ್ಟ?

ಆದ್ದರಿಂದ ಸುರಿದ ಮಣ್ಣನ್ನು ಕೂಡಲೇ ತೆಗೆಸಬೇಕು. ತೆಗೆಯುವ ನೆಪದಲ್ಲಿ ಮತ್ತೆ ಅದೇ ಜೆಸಿಬಿಯನ್ನು ಹೊಳೆಗೆ ಇಳಿಸಿ ಉಳಿದ ಕಲ್ಲುಹಾಸನ್ನೂ ಕೆದಕಬಾರದು; ಹೇಗೆ ತೆಗೆಯಬೇಕೆಂಬುದನ್ನು ಮೀನು ಬಲ್ಲವರನ್ನು ಕರೆಸಿ ಕೇಳಲಿ. ಹಳ್ಳದ ಬಾಯನ್ನು ಮೊದಲಿನಂತೆ ಬಿಡಿಸಬೇಕು, ತಪ್ಪಿತಸ್ಥರ ಮೇಲೆ ಕ್ರಮ ಆಗಬೇಕು, ನಮಗೆ ಕುಡಿಯುವ ನೀರೂ ಬರಬೇಕು. ಅದೂ ಆಗದಿದ್ದರೆ, ಸಹಜ ಸಾವೆಂದು ಹೇಳಿಕೆ ಕೊಟ್ಟವರು ಒಮ್ಮೆಯಾದರೂ ಕುರ್ಚಿ ಬಿಟ್ಟು ದಂಡೆಗೆ ಬರಲಿ. ಬರುವುದಾದರೆ ಗಣ್ಯರೊಂದಿಗೆ ಬರುವುದು ಬೇಡ. ಸಂಬಳ ಪಡೆದು ಹೊಳೆ ಕಾಯಬೇಕಾದವರು ಮರಿಗಳು ಕಣ್ಣೆದುರು ಸಾಯುವಾಗ ಫೋನ್ ಕೂಡ ಎತ್ತದೆ, ಆಮೇಲೆ ಪತ್ರಿಕೆಗೆ ಹೇಳಿಕೆ ಕೊಡಲು ಮಾತ್ರ ಸಿಗುತ್ತಾರೆಂದರೆ ಅವರಿಗೆ ನಾಚಿಕೆಯಾಗಬೇಕು.

ಇತಿ,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ,
ತೀರ್ಥಹಳ್ಳಿ ತಾಲ್ಲೂಕು