ನಮ್ಮ ಸರ್ಕಾರಿ ಶಾಲೆಗಳಿಗೂ ಒಬ್ಬ ಜರ್ಮನ್ ಶಿಕ್ಷಕರನ್ನು ಕೊಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ಕುಮಟಾದಿಂದ ಗೌರವಪೂರ್ವಕ ನಮಸ್ಕಾರಗಳು.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಉತ್ತರ ಕನ್ನಡದ ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳೆರಡರಲ್ಲೂ ಆಯ್ದ ಕೆಲವು ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಂಟನೇ ತರಗತಿಯಿಂದ ಒಂದು ವಿದೇಶಿ ಭಾಷೆಯನ್ನು ಐಚ್ಛಿಕವಾಗಿ, ಉಚಿತವಾಗಿ ಕಲಿಸುವ ವ್ಯವಸ್ಥೆ ಮಾಡಿ. ಅದಕ್ಕೆ ಕಾಯಂ ಶಿಕ್ಷಕರನ್ನು ನೇಮಿಸಿ. ಈ ಕರಾವಳಿಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಕನ್ನಡ, ಇಂಗ್ಲಿಷ್, ಗಣಿತಕ್ಕೇ ಶಿಕ್ಷಕರಿಲ್ಲದ ಶಾಲೆಗಳು ಎಷ್ಟಿವೆ ಎಂಬುದನ್ನು ಬಲ್ಲೆ. ಬಲ್ಲವಳಾಗಿಯೇ ಈ ಮಾತನ್ನು ಕೇಳುತ್ತಿದ್ದೇನೆ.

ಅಂಕೋಲಾ ಕಡೆಯ ಮೀನುಗಾರ ಕುಟುಂಬದ ನನ್ನ ವಿದ್ಯಾರ್ಥಿನಿಯೊಬ್ಬಳು ನರ್ಸಿಂಗ್ ಓದಿದಳು. ಜರ್ಮನಿಯಲ್ಲಿ ಕೆಲಸ ಹುಡುಕಲು ಹೊರಟಾಗ ಅವಳ ಮುಂದೆ ನಿಂತದ್ದು ಭಾಷೆಯ ಪರೀಕ್ಷೆ. ಯುರೋಪಿನ ಭಾಷಾ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ. ಜರ್ಮನಿಯಲ್ಲಿ ನರ್ಸ್ ಆಗಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ನಾಲ್ಕನೆಯದಾದ ಬಿ2 ಹಂತ ಬೇಕಾಗುತ್ತದೆ. ಅವಳನ್ನು ಬೆಂಗಳೂರಿನಲ್ಲಿ ಇರಿಸಿ ಓದಿಸಲು ಮನೆಯವರು ಬಂಗಾರ ಅಡವಿಟ್ಟರು. ಎರಡು ಹಂತ ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ಹಣವೂ ಮುಗಿಯಿತು. ಮರಳಿ ಬಂದು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಶಾಲೆಯಲ್ಲಿ ನನ್ನ ಪಾಠವನ್ನು ಎಲ್ಲರಿಗಿಂತ ಬೇಗ ಹಿಡಿಯುತ್ತಿದ್ದ ಹುಡುಗಿ ಅವಳು. ಆ ಮೊದಲ ಎರಡು ಹಂತಗಳು ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿಯೇ ಮುಗಿದಿದ್ದರೆ ಅದೇ ಹಣ ಮುಂದಿನ ಎರಡಕ್ಕೆ ಒದಗುತ್ತಿತ್ತು. ವಾರಕ್ಕೆ ನಾಲ್ಕು ಪೀರಿಯಡ್‌ನಂತೆ ಮೂರು ವರ್ಷ ಒಬ್ಬ ಒಳ್ಳೆಯ ಶಿಕ್ಷಕರು ಸಿಕ್ಕಿದರೆ ಹದಿಹರೆಯದ ಮಕ್ಕಳನ್ನು ಎ2ರವರೆಗೆ ಕರೆದೊಯ್ಯುವುದು ಸಾಧ್ಯ. ನಾನು ಕೇಳುತ್ತಿರುವುದು ಅಷ್ಟನ್ನೇ.

ಜರ್ಮನ್ ಕಲಿಯಲು ಗೋಥೆ ಸಂಸ್ಥೆಯ ಮ್ಯಾಕ್ಸ್‌ಮುಲ್ಲರ್ ಭವನ, ಫ್ರೆಂಚ್ ಕಲಿಯಲು ಅಲಯನ್ಸ್ ಫ್ರಾನ್ಸೇಸ್, ಎರಡೂ ಇರುವುದು ಬೆಂಗಳೂರಿನಲ್ಲಿ. ಕಾರವಾರದವರಿಗೆ ಅದು ಒಂದು ರಾತ್ರಿಯ ಬಸ್ ಪ್ರಯಾಣ. ಆನ್‌ಲೈನ್ ತರಗತಿಗಳಿವೆಯಲ್ಲ ಎನ್ನುವ ಅಧಿಕಾರಿಗಳು ಜೊಯಿಡಾದ ಅಥವಾ ಸಿದ್ದಾಪುರದ ಒಳಹಳ್ಳಿಯಲ್ಲಿ ಜುಲೈ ತಿಂಗಳಿನಲ್ಲಿ ಒಂದು ವಾರ ಇದ್ದು ನೋಡಲಿ. ಅಲ್ಲಿ ಕರೆಂಟೂ ನೆಟ್‌ವರ್ಕೂ ಮಳೆಯ ಮರ್ಜಿಯಲ್ಲಿವೆ. ಕಾರವಾರದಿಂದ ಕೆಲವೇ ಕಿಲೋಮೀಟರ್ ಆಚೆಗೆ, ಮಾಜಾಳಿ ಗಡಿ ದಾಟಿದರೆ ಗೋವಾ. ಅಲ್ಲಿನ ಪ್ರೌಢಶಾಲೆಗಳ ಭಾಷಾ ಪಟ್ಟಿಯಲ್ಲಿ ಫ್ರೆಂಚ್, ಪೋರ್ಚುಗೀಸ್ ಎರಡೂ ಇವೆ. ನಮ್ಮ ಕಾರವಾರದ ಎಷ್ಟೋ ಹುಡುಗರು ದುಡಿಯಲು ಹೋಗುವುದು ಅದೇ ಗೋವಾಕ್ಕೆ. ಹೋಟೆಲಿನ ಒಂದೇ ಕೌಂಟರಿನ ಹಿಂದೆ ಇಬ್ಬರು ನಿಂತಾಗ ಯಾರಿಗೆ ಬಡ್ತಿ ಸಿಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಾಗದದ ಮೇಲೆ ಅವಕಾಶ ಇಲ್ಲವೆಂದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಭಾಷೆಗಳನ್ನು ಪ್ರೌಢ ಹಂತದಲ್ಲಿ ನೀಡಬೇಕೆಂದು ಹೆಸರಿಸಿಯೇ ಹೇಳಿದೆ. ಕರ್ನಾಟಕ ತನ್ನದೇ ನೀತಿ ಬೇಕೆಂದು ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು. 2025ರ ಆಗಸ್ಟ್‌ನಲ್ಲಿ ಅದು ಸಲ್ಲಿಸಿದ ವರದಿ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿದೆ. ಆ ಶಿಫಾರಸಿಗೆ ನನ್ನ ವಿರೋಧವಿಲ್ಲ. ಕಡ್ಡಾಯದ ಮೂರನೆಯ ಭಾಷೆ ನಮ್ಮ ಎಷ್ಟೋ ಮಕ್ಕಳಿಗೆ ಬರಿಯ ಬಾಯಿಪಾಠವಾಗಿದ್ದುದನ್ನು ತರಗತಿಯಲ್ಲಿಯೇ ನಿಂತು ನೋಡಿದ್ದೇನೆ. ಆದರೆ ಮೂರನೆಯ ಭಾಷೆಯ ಕಡ್ಡಾಯ ತಪ್ಪಿದರೆ ವೇಳಾಪಟ್ಟಿಯಲ್ಲಿ ಉಳಿಯುವ ಆ ಪೀರಿಯಡ್‌ಗಳಿಗೆ ಏನು ಮಾಡುತ್ತೀರಿ? ಬೇಕೆಂದ ಮಗುವಿಗೆ ಅವುಗಳಲ್ಲಿ ವಿದೇಶಿ ಭಾಷೆ ಕಲಿಯಲು ಬಿಡಿ. ನಿಯಮದಲ್ಲಿ ದಾರಿ ಈಗಾಗಲೇ ಇದೆ: ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ವೃತ್ತಿಪರ ವಿಷಯ ಆರಿಸಿಕೊಂಡ ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲಿ ತೃತೀಯ ಭಾಷೆಯ ಬದಲಿಗೆ ಅದನ್ನು ಬರೆಯುತ್ತಾರೆ. ಬ್ಯೂಟಿ ಅಂಡ್ ವೆಲ್‌ನೆಸ್, ಆಟೊಮೊಬೈಲ್ ವಿಷಯಗಳಿಗೆ ಸಿಕ್ಕಿದ ಜಾಗ ಭಾಷೆಗೆ ಯಾಕೆ ಸಿಗಬಾರದು?

ಕನ್ನಡಕ್ಕೆ ಇದರಿಂದ ಹಾನಿಯೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಯಾಕೆಂದರೆ ಅದನ್ನು ಕೇಳುವವರು ನನ್ನದೇ ಸಹೋದ್ಯೋಗಿಗಳು. ಕನ್ನಡದಲ್ಲಿ ನೆಟ್ಟಗೆ ಒಂದು ಪುಟ ಬರೆಯಲಾಗದ ಮಗುವಿಗೆ ಜರ್ಮನ್ ವ್ಯಾಕರಣವೂ ದಕ್ಕುವುದಿಲ್ಲ. ಹಾಗಾಗಿ ಎಂಟನೇ ತರಗತಿಗಿಂತ ಮೊದಲು ಇದನ್ನು ಆರಂಭಿಸಬೇಡಿ. ಕನ್ನಡದ ಒಂದು ಪೀರಿಯಡ್ ಅನ್ನೂ ಇದಕ್ಕಾಗಿ ತೆಗೆಯಬೇಡಿ. ಕೊಂಕಣಿಯನ್ನು ತೃತೀಯ ಭಾಷೆಯಾಗಿ ಓದುವ ಮಕ್ಕಳಿಂದ ಅದನ್ನು ಕಿತ್ತು ಫ್ರೆಂಚ್ ಕೊಡುವುದಾದರೆ ನನ್ನ ಈ ಪತ್ರವನ್ನು ಹರಿದುಹಾಕಿ. ಆದರೆ ಈ ಜಿಲ್ಲೆಯ ಮಕ್ಕಳನ್ನೂ ಸ್ವಲ್ಪ ನೋಡಿ. ಮನೆಯಲ್ಲಿ ಕೊಂಕಣಿಯೋ ಭಟ್ಕಳದ ನವಾಯತಿಯೋ, ಹಳಿಯಾಳದಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಗೆಳೆಯರ ಜೊತೆ ಉರ್ದು. ಗೋಕರ್ಣದ ಓಂ ಕಡಲತೀರದ ಅಂಗಡಿಗಳಲ್ಲಿ ಕುಳಿತ ಹುಡುಗರು ವ್ಯಾಪಾರಕ್ಕೆ ಬೇಕಾದಷ್ಟು ರಷ್ಯನ್, ಹೀಬ್ರೂ ಮಾತುಗಳನ್ನು ಕಿವಿಯಿಂದಲೇ ಹಿಡಿದಿದ್ದಾರೆ. ಕನ್ನಡ ಅವರ ಬಾಯಿಂದ ಕಳಚಿಹೋಗಿಲ್ಲ. ಅವರಿಗಿಲ್ಲದ್ದು ಓದು, ಬರಹ ಮತ್ತು ಪ್ರಮಾಣಪತ್ರ.

ವಿದೇಶಿ ಭಾಷೆ ನಮ್ಮ ರಾಜ್ಯದ ಪಠ್ಯಕ್ರಮಕ್ಕೆ ಹೊಸದೂ ಅಲ್ಲ. ಎಸ್‌ಎಸ್‌ಎಲ್‌ಸಿಯ ತೃತೀಯ ಭಾಷೆಗಳ ಪಟ್ಟಿಯಲ್ಲಿ ಅರೇಬಿಕ್ ಮತ್ತು ಪರ್ಷಿಯನ್ ಬಹಳ ಹಿಂದಿನಿಂದ ಇವೆ. ಪಿಯುಸಿಯ ಪಟ್ಟಿಯಲ್ಲಿ ಅರೇಬಿಕ್ ಜೊತೆಗೆ ಫ್ರೆಂಚ್ ಕೂಡ ಇದೆ. ಭಟ್ಕಳ, ಹೊನ್ನಾವರಗಳಿಂದ ಕೊಲ್ಲಿ ದೇಶಗಳಿಗೆ ಹೋಗಿ ದುಡಿಯುವ ಎಲ್ಲ ಸಮುದಾಯಗಳ ಯುವಕರಿದ್ದಾರೆ. ಅರೇಬಿಕ್ ಅನ್ನು ಒಂದು ಧರ್ಮದ ಮಕ್ಕಳ ವಿಷಯವೆಂದು ಬದಿಗಿಡದೆ, ವ್ಯವಹಾರದ ಭಾಷೆಯಾಗಿ ಬೇಕೆಂದ ಎಲ್ಲರಿಗೂ ತೆರೆಯುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಆ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಅಂದಿನ ಆ ಬಂದರಿನಲ್ಲಿ ಹೆಣ್ಣುಮಕ್ಕಳು ಬೇರೆ ನಾಡಿನ ಭಾಷೆಯಾದ ಅರೇಬಿಕ್‌ನ ಕುರಾನ್ ಕಲಿಯುತ್ತಿದ್ದರು ಎಂಬುದನ್ನು ನೆನೆದರೆ, ಇಂದು ಅದೇ ಊರಿನ ಹೆಣ್ಣುಮಕ್ಕಳಿಗೆ ಇಷ್ಟು ಕೇಳಲು ಸಂಕೋಚವೇಕೆ ಅನ್ನಿಸುತ್ತದೆ.

ಯಾವ ಭಾಷೆ ಎಂಬ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತ. ಪ್ರವಾಸಿಗರನ್ನು ನೋಡಿಕೊಂಡು ಭಾಷೆ ಆರಿಸಬೇಡಿ. ಪ್ರವಾಸಿಗರು ವರ್ಷದಿಂದ ವರ್ಷಕ್ಕೆ ಬದಲಾಗುತ್ತಾರೆ. ನಮ್ಮ ಮಕ್ಕಳು ಮುಂದೆ ಓದಲು, ನರ್ಸ್, ಎಲೆಕ್ಟ್ರಿಷಿಯನ್, ಮೆಕ್ಯಾನಿಕ್ ಆಗಿ ದುಡಿಯಲು ಯಾವ ಭಾಷೆ ಬಾಗಿಲು ತೆಗೆಯುತ್ತದೆಯೋ ಅದನ್ನು ಆರಿಸಿ. ಜರ್ಮನಿಯಲ್ಲಿ ಕೆಲಸ ಮಾಡುತ್ತಲೇ ವೃತ್ತಿ ಕಲಿಯುವ ವ್ಯವಸ್ಥೆಯಿದೆ. ನಮ್ಮ ಐಟಿಐ ಹುಡುಗರಿಗೆ ಅದು ಹೇಳಿ ಮಾಡಿಸಿದ್ದು, ಆದರೆ ಅದಕ್ಕೂ ಸಾಮಾನ್ಯವಾಗಿ ಬಿ1 ಮಟ್ಟದ ಭಾಷೆ ಬೇಕು. ಫ್ರೆಂಚ್‌ಗೆ ಪಿಯುಸಿಯಲ್ಲಿ ಮುಂದುವರಿಕೆ ಇದೆ. ಈ ಎರಡರಿಂದ ಆರಂಭಿಸಿ, ಒಂದು ಶಾಲೆಗೆ ಒಂದೇ ಭಾಷೆ. ಎಂಟು ಭಾಷೆಗಳ ಪಟ್ಟಿ ಪ್ರಕಟಿಸಿ ಒಂದಕ್ಕೂ ಶಿಕ್ಷಕರನ್ನು ಕೊಡದಿರುವುದಕ್ಕಿಂತ ಅದು ಮೇಲು. ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ನಾನು ಹೆಸರಿಸಿದ್ದು ಇದೇ ಕಾರಣಕ್ಕೆ: ಅಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣ. ಎಂಟರಲ್ಲಿ ಆರಂಭಿಸಿದ ಮಗು ಹತ್ತಕ್ಕೆ ಕೈಬಿಡದೆ ಐದು ವರ್ಷ ಅದೇ ಶಿಕ್ಷಕರ ಬಳಿ ಕಲಿಯಬಹುದು.

ಎಲ್ಲವೂ ನಿಂತಿರುವುದು ಆ ಶಿಕ್ಷಕರ ಮೇಲೆಯೇ. ಜೂನ್‌ನಲ್ಲಿ ಕರೆದು, ಸಂಬಳಕ್ಕೆ ತಿಂಗಳುಗಟ್ಟಲೆ ಕಾಯಿಸಿ, ಮಾರ್ಚ್‌ನಲ್ಲಿ ಮನೆಗೆ ಕಳುಹಿಸುವ ಅತಿಥಿ ಶಿಕ್ಷಕರಿಂದ ಹೊಸ ಭಾಷೆ ಬೇರೂರುವುದಿಲ್ಲ. ಗಣಿತದಲ್ಲಿ ಅತಿಥಿ ಶಿಕ್ಷಕರು ಬಿಟ್ಟುಹೋದರೆ ಪಕ್ಕದ ವಿಜ್ಞಾನ ಶಿಕ್ಷಕರು ಹೇಗೋ ತೂಗಿಸುತ್ತಾರೆ. ಜರ್ಮನ್ ಬಲ್ಲ ಎರಡನೆಯ ವ್ಯಕ್ತಿ ಶಾಲೆಯಲ್ಲಿರಲಿ, ತಾಲ್ಲೂಕಿನಲ್ಲಿಯೇ ಇರುವುದಿಲ್ಲ. ಒಂದು ಹುದ್ದೆಯನ್ನು ಎರಡು ಶಾಲೆಗಳು ಹಂಚಿಕೊಳ್ಳಲಿ: ಕುಮಟಾ ಮತ್ತು ಹೊನ್ನಾವರಕ್ಕೆ ಒಬ್ಬರು, ಶಿರಸಿ ಮತ್ತು ಸಿದ್ದಾಪುರಕ್ಕೆ ಒಬ್ಬರು, ಕಾರವಾರ ಮತ್ತು ಅಂಕೋಲಾಕ್ಕೆ ಒಬ್ಬರು. ಓಡಾಟದ ಭತ್ಯೆ ಕೊಡಿ. ನಮ್ಮ ಜಿಲ್ಲೆಯ ಪದವೀಧರರನ್ನೇ ಆರಿಸಿ, ಸರ್ಕಾರದ ಖರ್ಚಿನಲ್ಲಿ ತರಬೇತಿಗೊಳಿಸಿ, ಇಂತಿಷ್ಟು ವರ್ಷ ಇಲ್ಲಿಯೇ ಕಲಿಸಬೇಕೆಂದು ಬರೆಸಿಕೊಳ್ಳಿ. ಮಳೆಗಾಲವನ್ನು ಕಂಡವರು ಮಾತ್ರ ಇಲ್ಲಿ ಉಳಿಯುತ್ತಾರೆ.

ಇದನ್ನು ಅಂಕ ಗಳಿಸುವ ವಿಷಯವಾಗಿಸಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ನೋಟ್ಸ್ ಉರುಹೊಡೆದು ನೂರಕ್ಕೆ ನೂರು ಪಡೆದು, ಆ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲಾಗದ ಮಕ್ಕಳನ್ನು ಸಾಕಷ್ಟು ನೋಡಿದ್ದೇವೆ. ಕೇಳುವುದು, ಮಾತನಾಡುವುದು, ಓದುವುದು, ಬರೆಯುವುದು ನಾಲ್ಕನ್ನೂ ಅಳೆಯುವ ಮಾನ್ಯ ಪರೀಕ್ಷೆಗೆ ಮಕ್ಕಳನ್ನು ಕೂರಿಸಿ. ಅದರ ಶುಲ್ಕವನ್ನು ಇಲಾಖೆ ಕಟ್ಟಲಿ, ಒಂದು ದಿನ ಪರೀಕ್ಷಾ ಕೇಂದ್ರ ಕಾರವಾರಕ್ಕೆ ಬರಲಿ.

ಕೊನೆಗೆ, ಆರಂಭಿಸಿದ್ದನ್ನು ನಡುದಾರಿಯಲ್ಲಿ ನಿಲ್ಲಿಸುವುದಿಲ್ಲವೆಂಬ ಲಿಖಿತ ಭರವಸೆ ಬೇಕು. ಕೇಂದ್ರೀಯ ವಿದ್ಯಾಲಯಗಳು 2011ರಲ್ಲಿ ಗೋಥೆ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಜರ್ಮನ್ ಅನ್ನು ಮೂರನೆಯ ಭಾಷೆಯಾಗಿ ಕಲಿಸಲಾರಂಭಿಸಿದವು. 2014ರ ನವೆಂಬರ್‌ನಲ್ಲಿ, ಶೈಕ್ಷಣಿಕ ವರ್ಷದ ನಡುವೆ, ಅದನ್ನು ಆ ಸ್ಥಾನದಿಂದ ತೆಗೆದು ಸಂಸ್ಕೃತವನ್ನು ತರಲಾಯಿತು. 6ರಿಂದ 8ನೇ ತರಗತಿಯ 70 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಮೂರನೆಯ ಭಾಷೆ ವರ್ಷದ ನಡುವೆಯೇ ಬದಲಾಯಿತು. ಸಂಸ್ಕೃತ ಬೇಕೋ ಜರ್ಮನ್ ಬೇಕೋ ಎಂಬ ಜಗಳ ದೊಡ್ಡವರದು. ನವೆಂಬರ್‌ನಲ್ಲಿ ಪುಸ್ತಕ ಬದಲಿಸಿಕೊಂಡವರು ಮಕ್ಕಳು. ನಮ್ಮ ಜಿಲ್ಲೆಯಲ್ಲಿ ಆರಂಭಿಸುವ ಮೊದಲ ತಂಡ ಪಿಯುಸಿ ಮುಗಿಸುವವರೆಗೆ, ಸರ್ಕಾರ ಯಾವುದೇ ಬರಲಿ, ಯೋಜನೆಯನ್ನು ಮುಟ್ಟುವುದಿಲ್ಲವೆಂದು ಆದೇಶದಲ್ಲಿಯೇ ಬರೆಯಿರಿ.

ಮೇ ಕೊನೆಯಲ್ಲಿ ಶಾಲೆಗಳು ತೆರೆಯುತ್ತವೆ. ಅದಕ್ಕೂ ಮೊದಲು ಜಿಲ್ಲೆಯ ಇಬ್ಬರು ಉಪನಿರ್ದೇಶಕರನ್ನು ಕರೆಸಿ, ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು ಬಯಸುತ್ತಾರೆ ಎಂಬ ಪಟ್ಟಿ ತರಿಸಿಕೊಳ್ಳಿ. ಪಾಲಕರ ಸಭೆಗಳಿಗೆ ಬಂದು ವಿಷಯ ವಿವರಿಸಲು ನಾನೂ ನನ್ನಂತಹ ನಿವೃತ್ತ ಶಿಕ್ಷಕರೂ ಸಿದ್ಧರಿದ್ದೇವೆ. ನಮಗೆ ಗೌರವಧನ ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ಕುಮಟಾ, ಉತ್ತರ ಕನ್ನಡ