ಎದೆ ಅಮುಕುವ ಕನಸು ಮತ್ತು ‘ನಾಳೆ ಬಾ’

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಒಂದು ವಿಷಯ ಬರೆಸಿ ಎಂದು ಕೇಳಲು ಈ ಪತ್ರ. ನಡುರಾತ್ರಿ ಎಚ್ಚರವಾಗುತ್ತದೆ, ಮೇಲೆ ಫ್ಯಾನ್ ತಿರುಗುವುದೂ ಕಾಣುತ್ತದೆ. ಆದರೆ ಕೈಕಾಲು ಅಲ್ಲಾಡುವುದಿಲ್ಲ, ಕೂಗಲು ದನಿ ಹೊರಡುವುದಿಲ್ಲ. ಎದೆ ಮೇಲೆ ಯಾರೋ ಕೂತು ಅಮುಕಿದ ಹಾಗಿರುತ್ತದೆ. ದೆವ್ವ ಅಮುಕಿತು ಅಂತ ನಮ್ಮಲ್ಲಿ ಹೇಳುವುದು ಇದಕ್ಕೇ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಹುಡುಗನಿಗೆ ಹೀಗಾಗುತ್ತಿತ್ತು. ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ. ಯಾರೋ ಹೇಳಿದರೆಂದು ಒಬ್ಬರ ಹತ್ತಿರ ಹೋಗಿ ತಾಯತ ಕಟ್ಟಿಸಿಕೊಂಡು ಬಂದ. ಹೊಸಿಲಿಗೆ ನಿಂಬೆಹಣ್ಣು, ದಿಂಬಿನ ಕೆಳಗೆ ಅಡಕತ್ತರಿ. ಕಬ್ಬಿಣ ಇಟ್ಟು ಮಲಗುವುದು ಹಳೇ ಪದ್ಧತಿ, ಅದರಿಂದ ಯಾರಿಗೂ ನಷ್ಟವಿಲ್ಲ. ‘ರಾಮಂ ಸ್ಕಂದಂ ಹನುಮಂತಂ’ ಹೇಳಿಕೊಂಡು ಮಲಗುವುದೂ ಅಷ್ಟೇ. ಕೆಟ್ಟ ಕನಸು ದೂರವಾಗುತ್ತದೆ ಎಂದು ಆ ಶ್ಲೋಕದಲ್ಲೇ ಇದೆ, ಮನಸ್ಸಿಗೂ ಧೈರ್ಯ. ಆದರೆ ತಾಯತಕ್ಕೆ ಅವನ ಅರ್ಧ ತಿಂಗಳ ಸಂಬಳ ಹೋಗಿತ್ತು. ಜೊತೆಗೆ, ಮೈಮೇಲೆ ಏನೋ ಸೇರಿಕೊಂಡಿದೆ ಅನ್ನುವ ಹೆದರಿಕೆಯನ್ನೂ ಹೊತ್ತು ತಂದಿದ್ದ. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಈ ದೆವ್ವ ನಮ್ಮೂರಿನದು ಮಾತ್ರ ಅಲ್ಲ. ಕೆಟ್ಟ ಕನಸಿಗೆ ಇಂಗ್ಲಿಷಿನವರು ನೈಟ್‌ಮೇರ್ ಅನ್ನುತ್ತಾರಲ್ವಾ, ಅದರಲ್ಲಿರುವ ‘ಮೇರ್’ ಹೆಣ್ಣು ಕುದುರೆಯಲ್ಲ. ಅದು ಮಲಗಿದವರ ಎದೆ ಮೇಲೆ ಕೂತು ಉಸಿರು ಕಟ್ಟಿಸುವ ಪಿಶಾಚಿ. ಉತ್ತರ ಯೂರೋಪಿನ ಹಳೇ ಭಾಷೆಗಳಲ್ಲಿ ಅದಕ್ಕೆ ‘ಮಾರಾ’ ಎಂಬ ಹೆಸರಿತ್ತು. ಸ್ವೀಡನ್ನಿನ ರಾಜ ವಾನ್‌ಲಾಂಡಿಯನ್ನು ಮಾರಾ ತುಳಿದು ಕೊಂದ ಕಥೆ ಐಸ್‌ಲೆಂಡಿನ 13ನೇ ಶತಮಾನದ ಬರಹದಲ್ಲಿದೆ. ಆಳುಗಳು ತಲೆ ಹಿಡಿದುಕೊಂಡರೆ ಕಾಲು ತುಳಿಯುತ್ತಿತ್ತಂತೆ, ಕಾಲು ಹಿಡಿದುಕೊಂಡರೆ ತಲೆ ಅಮುಕುತ್ತಿತ್ತಂತೆ. ಮುಂದೆ ಈ ಮೇರ್ ಕುದುರೆಯ ಜೊತೆ ಬೆರೆತುಹೋಯಿತು. 1781ರಲ್ಲಿ ಫ್ಯೂಸೆಲಿ ಬರೆದ ಹೆಸರಾಂತ ಚಿತ್ರದಲ್ಲಿ ಎರಡೂ ಇವೆ: ಮಲಗಿದ ಹೆಂಗಸಿನ ಎದೆ ಮೇಲೆ ಕುಳ್ಳ ಪಿಶಾಚಿ, ಹಿಂದಿನ ಪರದೆಯಿಂದ ಇಣುಕುವ ಕುದುರೆ ತಲೆ.

ನನಗೆ ತುಂಬ ಇಷ್ಟವಾದದ್ದು ಜರ್ಮನ್ ನಂಬಿಕೆ. ಗ್ರಿಮ್ ಸೋದರರು 1816ರಲ್ಲಿ ಅಚ್ಚುಹಾಕಿಸಿದ ಐತಿಹ್ಯಗಳಲ್ಲಿ ಅದು ಸಿಗುತ್ತದೆ. ಅಮುಕಲು ಬಂದ ಪಿಶಾಚಿಗೆ ‘ನಾಳೆ ಬಾ, ಕಡ ಕೊಡ್ತೀನಿ’ ಎಂದುಬಿಟ್ಟರೆ ಅದು ತಕ್ಷಣ ಹೊರಟುಹೋಗುತ್ತದಂತೆ. ಬೆಳಿಗ್ಗೆ ಮನುಷ್ಯರ ರೂಪದಲ್ಲಿ ಏನಾದರೂ ಕಡ ಕೇಳಲು ಬರುತ್ತದಂತೆ. ಓದಿ ಮೈ ಜುಮ್ಮೆಂದಿತು! 90ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ನೋಡಿದವರು ಈಗಲೂ ಇದ್ದಾರೆ. ನಮ್ಮದು ಬಾಗಿಲು ಬಡಿಯುವ ದೆವ್ವ, ಅವರದು ಎದೆ ಮೇಲೆ ಕೂರುವುದು. ಅಲ್ಲಿಂದ ಇಲ್ಲಿಗೆ ಬಂತು ಅಂತ ನಾನು ಹೇಳುತ್ತಿಲ್ಲ. ರಾತ್ರಿ ಹೆದರಿದ ಜನರಿಗೆ ಎರಡೂ ಕಡೆ ಒಂದೇ ಉಪಾಯ ಹೊಳೆದಿದೆ.

ಹಾಗಾಗಿ ಇದನ್ನು ಸುಮ್ನೆ ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಅನುಭವ ಸುಳ್ಳಲ್ಲ. ಜಾಸ್ತಿ ಕನಸು ಬೀಳುವ ಹೊತ್ತಿನಲ್ಲಿ ಮಿದುಳು ಮೈಯ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ, ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಓಡದಿರಲಿ ಎಂದು. ಮೈ ಸರಿಹೋಗುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ. ಕನಸಿನ ಚೂರು ಕೋಣೆಯಲ್ಲೇ ನಿಂತ ಹಾಗೆ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಹೋಗುತ್ತದೆ. ನಿದ್ದೆಗೆಟ್ಟವರಿಗೆ, ಪಾಳಿ ಬದಲಾಗುವವರಿಗೆ, ಅಂಗಾತ ಮಲಗುವವರಿಗೆ ಇದು ಜಾಸ್ತಿ. ಹಲವು ಅಧ್ಯಯನಗಳನ್ನು ಒಟ್ಟುಮಾಡಿದ 2011ರ ಒಂದು ಲೆಕ್ಕದಂತೆ, ಜೀವನದಲ್ಲಿ ಒಮ್ಮೆಯಾದರೂ ಇದನ್ನು ಕಂಡವರು ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು 8, ವಿದ್ಯಾರ್ಥಿಗಳಲ್ಲಿ ಸುಮಾರು 28.

ಪಿಜಿಗಳಲ್ಲಿ, ಹಾಸ್ಟೆಲುಗಳಲ್ಲಿ ಮಲಗುವ ನಮ್ಮೂರಿನ ಮಕ್ಕಳಿಗೆ ಈ ಮಾತು ಕನ್ನಡದಲ್ಲೇ ತಲುಪಬೇಕು. ನಿಮ್ಹಾನ್ಸ್ ಇರುವ ಊರಿದು, ತಿಳಿದ ವೈದ್ಯರಿಗೇನೂ ಬರವಿಲ್ಲ. ಪದೇ ಪದೇ ಆದರೆ, ಹಗಲಲ್ಲೂ ತಡೆಯಲಾಗದಷ್ಟು ನಿದ್ದೆ ಬಂದರೆ ಯಾರನ್ನು ಕಾಣಬೇಕು ಎಂಬುದನ್ನು ಅವರಿಂದಲೇ ಬರೆಸಿ. ಅದರ ಪಕ್ಕದಲ್ಲೇ ಓದುಗರ ಅಜ್ಜಿಯರು ಹೇಳಿದ ಅಮುಕುವ ದೆವ್ವದ ಕಥೆಗಳನ್ನೂ ಕೇಳಿ ಹಾಕಿ. ಮೊದಲ ಕಥೆ ನಾನೇ ಕಳಿಸುತ್ತೇನೆ.

— ಒಬ್ಬ ಓದುಗಿ, ಬಸವನಗುಡಿ, ಬೆಂಗಳೂರು