ಇಂಗ್ಲಿಷ್ ಕಲಿಸಲು ಕನ್ನಡಕ್ಕೆ ದಂಡವೇಕೆ?

ಮಾನ್ಯ ಸಂಪಾದಕರೇ,

ಎರಡನೇ ಕ್ಲಾಸಿನ ನನ್ನ ಮೊಮ್ಮಗಳು ಮೊನ್ನೆ ಶಾಲೆಯಲ್ಲಿ ಹೊಟ್ಟೆನೋವು ತಡೆದುಕೊಂಡು ಸಂಜೆವರೆಗೆ ಸುಮ್ನೆ ಕೂತಿದ್ದಳು. ಇಂಗ್ಲಿಷ್‌ನಲ್ಲಿ ಹೇಳಲು ಬರಲಿಲ್ಲ. ಕನ್ನಡದಲ್ಲಿ ಹೇಳಿದರೆ 5 ರೂಪಾಯಿ ದಂಡ. ಹೀಗೆ ಬಾಯಿ ಕಟ್ಟಿದರೆ ಇಂಗ್ಲಿಷ್ ಬೇಗ ಬರುತ್ತದೆಂದು ಆ ಶಾಲೆಯವರ ನಂಬಿಕೆ.

ನಾನು ಹಾನಗಲ್ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿದವಳು. 2007ರಲ್ಲಿ ಕನ್ನಡ ಶಾಲೆಗಳಿಗೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೆ. ಮೊದಲ ವರ್ಷ ಎಬಿಸಿಡಿ ತಿದ್ದಿಸಿದ್ದೇ ಆಯಿತು. ಆಮೇಲೊಂದು ದಿನ, ನಿಮಗೆ ಗೊತ್ತಿರೋ ಇಂಗ್ಲಿಷ್ ಪದ ಹೇಳಿ ಅಂದೆ. ಬಸ್ಸು, ಟಿಕೇಟು, ಕರೆಂಟು, ಪಂಪ್‌ಸೆಟ್ಟು, ಟ್ರ್ಯಾಕ್ಟರು... ಬೋರ್ಡೇ ತುಂಬಿತು. ಕೊನೆಯ 'ಉ' ಕಳಚಿದರೆ ಅರ್ಧ ಪಾಠ ಮುಗಿದಂತೆ, ಅಲ್ವಾ?

ವಾಕ್ಯ ಮಾತ್ರ ಕಷ್ಟ. ಅದಕ್ಕೆ ಮೂವರ ಕೈಗೆ ಚೀಟಿ ಕೊಡುತ್ತಿದ್ದೆ: ನಾನು, ಸಂತೆಗೆ, ಹೋದೆ. ಅವರು ಹೇಗೆ ಜಾಗ ಬದಲಿಸಿ ನಿಂತರೂ ಅರ್ಥ ಕೆಡುತ್ತಿರಲಿಲ್ಲ. ಇಂಗ್ಲಿಷ್ ಚೀಟಿ ಹಿಡಿದಾಗ ಹಾಗಲ್ಲ. 'ಐ' ಪಕ್ಕದಲ್ಲೇ 'ವೆಂಟ್' ನಿಲ್ಲಬೇಕು. ನಮ್ಮಲ್ಲಿ ಸಂತೆಯ ಬೆನ್ನಿಗೆ ಅಂಟಿದ 'ಗೆ', ಅಲ್ಲಿ 'ಟು' ಆಗಿ ಮಾರ್ಕೆಟ್ಟಿನ ಮುಂದೆ ಬಂದು ನಿಲ್ಲುತ್ತದೆ. ಕನ್ನಡದ ಸಾಲು ಎದುರಿಗಿಲ್ಲದೆ ಇದನ್ನು ಹೇಗೆ ತೋರಿಸುವುದು?

ಒಬ್ಬ ಹುಡುಗ ಇಡೀ ತರಗತಿಯಲ್ಲಿ ಎಲ್ಲರ ಜೊತೆ ಇಂಗ್ಲಿಷ್ ಆಡುತ್ತಿದ್ದ, ನನ್ನ ಜೊತೆ ಮಾತ್ರ ಇಲ್ಲ. ಕೊನೆಗೊಮ್ಮೆ ಕೇಳಿದ: 'ಅಕ್ಕಾರ, ನಿಮಗೂ ಯೂ, ನಮ್ಮನಿ ನಾಯಿಗೂ ಯೂ ಏನ್ರೀ?' ಪಾಪ, ಮರ್ಯಾದೆಗೆ ಅಂಜಿ ಸುಮ್ಮನಿದ್ದ! ದಂಡದ ಭಯವಿದ್ದಿದ್ದರೆ ಆ ಪ್ರಶ್ನೆ ಹೊರಗೇ ಬರುತ್ತಿರಲಿಲ್ಲ.

ಹಾಗಂತ ಪಾಠ ಪೂರ್ತಿ ಕನ್ನಡದಲ್ಲಿ ಹೇಳಿ, ಪ್ರಶ್ನೋತ್ತರ ಉರು ಹೊಡೆಸುವುದೂ ಸರಿಯಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾನೂ ಅದನ್ನು ಮಾಡಿದ್ದೇನೆ, ಸುಳ್ಳು ಹೇಳಲಾರೆ. ಸಂತೆಯ ಸುದ್ದಿ ಮೊದಲು ಕನ್ನಡದಲ್ಲಿ ಮಾತಾಡಲಿ. ಆಮೇಲೆ ಅದರಲ್ಲೇ ಎರಡು ಮೂರು ಸಾಲನ್ನು ಮಕ್ಕಳ ಬಾಯಿಂದ ಇಂಗ್ಲಿಷ್‌ನಲ್ಲಿ ಹೇಳಿಸಬೇಕು. ಸ್ಪೆಲಿಂಗ್ ಕೊನೆಗೆ.

2019ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾಗಿವೆ. ದಂಡದ ಈ ಚಾಳಿ ಅಲ್ಲಿಗೂ ಹತ್ತದಂತೆ ಇಲಾಖೆ ಈಗಲೇ ನೋಡಿಕೊಳ್ಳಲಿ.

ಮೊಮ್ಮಗಳ ಶಾಲೆಗೆ ಸೋಮವಾರ ಹೋಗುವವಳಿದ್ದೇನೆ. ಪರ್ಸಿನಲ್ಲಿ 5 ರೂಪಾಯಿಯ ನಾಣ್ಯಗಳನ್ನು ಜಾಸ್ತಿಯೇ ಇಟ್ಟುಕೊಂಡಿದ್ದೇನೆ.

– ನಿವೃತ್ತ ಶಿಕ್ಷಕಿ, ಹಾವೇರಿ ಜಿಲ್ಲೆ